ಪರದೆಯ ಹಿಂದಿನ ಎಡಚರು

ಗಿರಿಜೆ, ಶಿವಣ್ಣಿ, ಮೊನ್ನೆ ನೀವಿಬ್ಬರೂ ತುಮಕೂರಿನಲ್ಲಿ ಟಾಕಿ ನೋಡಿ ಬಂದು ಜಗಲಿಯ ಮೇಲೆ ಜಗಳವಾಡುತ್ತಿದ್ದಿರಿ. ಲೋಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಿನಿಮಾ ಯಾವುದು ಎಂಬುದು ಜಗಳ. ಶಿವಣ್ಣಿಗೆ ಕತ್ತಿವರಸೆ ಇರಬೇಕು, ಗಿರಿಜೆಗೆ ಹಾಡಿರಬೇಕು. ತೀರ್ಪಿಗೆಂದು ನನ್ನ ಹತ್ತಿರ ಬಂದು, “ಅಜ್ಜಿ, ನೀನು ನೋಡಿದ್ದರಲ್ಲಿ ಯಾವುದು ಚೆನ್ನಾಗಿತ್ತು? ಯಾಕೆ ಚೆನ್ನಾಗಿತ್ತು? ಹೇಳು” ಎಂದಿರಿ. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕು ಒಳಗೆ ಹೋಗಿಬಿಟ್ಟೆ. ನಾಲ್ಕು ಜನರ ಮುಂದೆ ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಆ ಜನ ನನ್ನ ಮೊಮ್ಮಕ್ಕಳೇ ಆದರೂ ಅಷ್ಟೆ. ಆದ್ದರಿಂದ ಬರೆದು ಕೊಡುತ್ತಿದ್ದೇನೆ. ನನಗೂ ಒಂದು ಅಚ್ಚುಮೆಚ್ಚಿನ ಸಿನಿಮಾ ಇದೆ. ಅದರ ಹೆಸರು ನೆನಪಿಲ್ಲ. ಅದನ್ನು ನೋಡಿದ್ದು ಮಾತ್ರ ಬೆನ್ನ ಕಡೆಯಿಂದ.

ಆಗ ಸಿನಿಮಾಗಳಿಗೆ ಮಾತು ಬಂದಿರಲಿಲ್ಲ. ಸಿರಾದ ಸಾಹೇಬರೊಬ್ಬರು ಎತ್ತಿನ ಗಾಡಿಗಳಲ್ಲಿ ಟೆಂಟು ಹೇರಿಕೊಂಡು ಕೊರಟಗೆರೆ, ಪಾವಗಡ ಎಲ್ಲ ಸುತ್ತಿ ಮಧುಗಿರಿಗೆ ಬರುತ್ತಿದ್ದರು. ಬೆಟ್ಟದ ಬುಡದಲ್ಲಿ ಟೆಂಟು ಏಳುತ್ತಿತ್ತು. ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ಗಂಡಸರ ಕಣ್ಣಿಗೆ ಬೀಳಬಾರದಲ್ಲ! ಬೆಳಕು ನಮ್ಮ ಕಡೆಗೂ ಇಳಿಯಲೆಂದು ಆಟಕ್ಕೆ ಮುಂಚೆ ಪರದೆಗೆ ನೀರು ಎರಚುತ್ತಿದ್ದರು. ಹಾಗಾಗಿ ನಮಗೆ ಕಾಣುತ್ತಿದ್ದ ರಾಜರೂ ರಾಣಿಯರೂ ದೇವರುಗಳೂ ಒದ್ದೆಯಾಗಿಯೇ ಇರುತ್ತಿದ್ದರು. ಗಾಳಿ ಬೀಸಿದರೆ ಅವರ ಹೊಟ್ಟೆ ಉಬ್ಬಿ ಇಳಿಯುತ್ತಿತ್ತು, ಉಸಿರಾಡಿದ ಹಾಗೆ. ಬೆಟ್ಟದ ಬಂಡೆ ಹಿಂದೆ ಕಪ್ಪಗೆ ನಿಂತಿರುತ್ತಿತ್ತು. ನಾವು ಬಂಡೆಗೂ ಆ ಮೂಕರಿಗೂ ನಡುವೆ ಮೊಣಕಾಲು ಮಡಚಿ ಕೂತಿರುತ್ತಿದ್ದೆವು.

ಕಾಗದದ ಮೇಲೆ ಬರೆದುದನ್ನು ಹಿಂದಿನಿಂದ ದೀಪಕ್ಕೆ ಹಿಡಿದು ನೋಡಿ, ಬಲ ಎಡವಾಗಿ ಕಾಣುತ್ತದೆ. ಪರದೆಯ ಹಿಂದೆಯೂ ಹಾಗೆಯೇ. ನಡುನಡುವೆ ತೋರಿಸುತ್ತಿದ್ದ ಕನ್ನಡ ಅಕ್ಷರಗಳೂ ತಿರುಗಿಯೇ ಕಾಣುತ್ತಿದ್ದವು. ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. “ಏನಂದ್ಲು ಓದಮ್ಮಾ, ಬೇಗ ಓದು, ಹೋಯ್ತದೆ!” ಎಂದು ಪಕ್ಕದ ಮನೆಯ ಸಾಕಮ್ಮ ತಿವಿಯುತ್ತಿದ್ದಳು. ಹಳ್ಳಿಯ ಮೇಷ್ಟರು ನೆಟ್ಟಗಿನ ಅಕ್ಷರ ಕಲಿಸಿದ್ದರು; ತಿರುಗಿದ್ದನ್ನು ನಾನೇ ಕಲಿತುಕೊಂಡೆ. ನನ್ನ ಜೀವಮಾನದ ಪಾಂಡಿತ್ಯ ಅದೊಂದೇ. ಅದರಿಂದಲೇ ಈ ಎಡ ಬಲದ ಗುಟ್ಟು ನನಗೆ ಹೊಳೆದಿತ್ತು. ಮಿಕ್ಕವರಿಗೆ ಹೊಳೆದಿರಲಿಲ್ಲ. ರಾಜ ಎಡಗೈಲಿ ಉಂಡ, ಪೂಜಾರಿ ಎಡಗೈಲಿ ಮಂಗಳಾರತಿ ಎತ್ತಿದ. “ಥೂ, ಇದ್ಯಾವ ಜಾತಿನಮ್ಮ! ಒಬ್ರಿಗಾದ್ರೂ ಬಲಗೈ ಬ್ಯಾಡ್ವಾ?” ಎಂದು ಸಾಕಮ್ಮ ಮೂಗುಮುರಿದಳು. ಹೇಳಿಕೊಡಬಹುದಿತ್ತು. ಅಷ್ಟು ಜನರ ನಡುವೆ ದನಿ ಎತ್ತುವುದು ಹೇಗೆ?

ಈಗ ನನ್ನ ಅತ್ತೆಯ ವಿಷಯ. ಅತ್ತೆಗೆ ಗೌರಿ ಎಂಬ ಮಗಳಿದ್ದಳು, ನಿಮ್ಮ ತಾತನ ತಂಗಿ. ಎಡಚಿ. ಎಡಗೈಲಿ ಉಂಡರೆ ಮನೆಗೆ ಆಗದೆಂದು ಅತ್ತೆ ಊಟದ ಹೊತ್ತಿಗೆ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದರಂತೆ. ಕೈ ಬದಲಾಗಲಿಲ್ಲ, ಸೆರಗಿನೊಳಗೆ ಅಡಗಿಕೊಳ್ಳುವುದನ್ನು ಮಾತ್ರ ಕಲಿಯಿತು. ಪಾವಗಡದ ಆಚೆ ಹೊಸಕೋಟೆಗೆ ಕೊಟ್ಟರು. ಒಂದು ಬೇಸಗೆಯಲ್ಲಿ ಆ ಕಡೆಯಿಂದ ಆಳೊಬ್ಬ ಬಂದು ಬಾಗಿಲಲ್ಲೇ ನಿಂತು, ಆ ಸೀಮೆಯ ತೆಲುಗು ಬೆರೆಸಿ, “ಅಮ್ಮಾ, ಜರ ಬಂತು, ಪೋಯಿಂದಿ. ಮಣ್ಣೂ ಮಾಡ್ಬುಟ್ರು” ಎಂದ. ಅತ್ತೆಗೆ ಮಗಳ ಮುಖ ನೋಡಲಾಗಲಿಲ್ಲ. ಅಂದಿನಿಂದ ಅವರಿಗೆ ಊಟ ಸೇರದು. ತುತ್ತು ಎತ್ತುವರು, ತಮ್ಮ ಬಲಗೈಯನ್ನೇ ನೋಡುವರು, ಹಾಗೇ ಇಳಿಸುವರು. ಮೂಳೆ ಚಕ್ಕಳವಾಗಿದ್ದರು. ಗಾಳಿಗಾದರೂ ಬರಲಿ ಎಂದು ನಾವು ಟೆಂಟಿಗೆ ಕರೆದುಕೊಂಡು ಹೋದದ್ದು.

ಆ ಸಿನಿಮಾದಲ್ಲಿ ಒಂದು ಬಾವಿ ಬರುತ್ತಿತ್ತು. ರಾಣಿ ಪಲ್ಲಕ್ಕಿಯಲ್ಲಿ ಹೋಗುತ್ತಾಳೆ. ಹಿಂದೆ ಬಾವಿಕಟ್ಟೆಯ ಮೇಲೆ ಒಬ್ಬಳು ನೀರು ಸೇದುತ್ತಾಳೆ. ಕತೆಗೂ ಅವಳಿಗೂ ಸಂಬಂಧವಿಲ್ಲ. ಎಡಗೈಲಿ ಕೊಡ ಎತ್ತಿಕೊಂಡು, ತಿರುಗಿ, ನೆಟ್ಟಗೆ ನಮ್ಮ ಕಡೆ ನೋಡುತ್ತಾಳೆ. ಒದ್ದೆ ಪರದೆಯಿಂದ ಒಂದು ಹನಿ ಅವಳ ಕೆನ್ನೆಯ ಮೇಲೆ ಹರಿಯಿತು. ಅತ್ತೆ ನನ್ನ ತೋಳು ಹಿಡಿದರು. ಕೈ ತಣ್ಣಗಿತ್ತು.

“ಗೌರಿ ಕಣೇ.”

“ಅಲ್ಲ ಅತ್ತೆ, ಅವಳು ಯಾರೋ.”

“ನೀನು ಸುಮ್ಕಿರು. ನಂಗೊತ್ತಾಯ್ತು ಬುಡು. ಸತ್ತೋರ ಕೆಲಸ ಎಲ್ಲಾ ಎಡಕ್ಕೇ ಅಲ್ವೇನೆ? ಇದು ಸತ್ತೋರ ಊರು. ಇಲ್ಲಿ ಎಲ್ರೂ ಎಡಚರೇ. ಅವಳ ಕೈ ಕಟ್ಟೋರು ಇಲ್ಲಿ ಯಾರೂ ಇಲ್ಲ.”

ಗುಟ್ಟು ಗೊತ್ತಿದ್ದವಳು ನಾನು. ಆದರೂ ಪರದೆ ಉಬ್ಬಿ ಇಳಿದಾಗ ಹಿಂದಕ್ಕೆ ಸರಿದು ಸಾಕಮ್ಮನ ಕಾಲು ತುಳಿದೆ. “ನೋಡ್ಕಂಡು ಕೂರಮ್ಮ! ನನ್ನೂ ಆ ಊರಿಗೆ ಕಳಿಸ್ಬುಟ್ಟೀಯ” ಎಂದಳು ಅವಳು.

ಮನೆಗೆ ಬಂದು ಅತ್ತೆ ತಾವಾಗಿಯೇ ತಟ್ಟೆ ಹಾಕಿಕೊಂಡು ಉಂಡರು. ನಿಮ್ಮ ತಾತ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ದಿನಾ ಸಂಜೆ ಟೆಂಟು. ದಿನಾ ಬಾವಿ, ದಿನಾ ಊಟ. “ಇವತ್ತು ಗೌರಿ ಗೆಲುವಾಗವ್ಳೆ” ಎನ್ನುವರು ಒಮ್ಮೆ. “ಇವತ್ಯಾಕೋ ಸೊರಗವ್ಳೆ” ಎನ್ನುವರು ಇನ್ನೊಮ್ಮೆ. ಚಿತ್ರ ಅದೇ ಚಿತ್ರ, ಬದಲಾಗುವುದೆಲ್ಲಿ ಬಂತು? ಆದರೆ ನಿಜ ಹೇಳುತ್ತೇನೆ, ಅವರು ಸೊರಗಿದಳು ಎಂದ ದಿನ ನನಗೂ ಸೊರಗಿದ ಹಾಗೆಯೇ ಕಂಡಿತು.

ಎಡವಟ್ಟು ಮಾಡಿದ್ದು ಸಾಹೇಬರ ಒಳ್ಳೆಯತನ. ಟೆಂಟು ಬಿಚ್ಚುವ ಹಿಂದಿನ ದಿನ ನಿಮ್ಮ ತಾತನಿಗೆ, “ಅಮ್ಮಾಜಿ ದಿನಾ ಬರ್ತಾರೆ, ಹಿಂದೆ ನೆಲದ ಮೇಲೆ ಕೂರ್ತಾರೆ, ನನಗೆ ಶರಮ್ ಆಗ್ತದೆ. ಇವತ್ತು ಮುಂದೆ ಕುರ್ಚಿ ಹಾಕಿಸ್ತೀನಿ” ಎಂದರಂತೆ. ಇವರು ಹಿರಿಹಿರಿ ಹಿಗ್ಗಿ ಬಂದರು. ನನಗೆ ಗೊತ್ತಿತ್ತಲ್ಲ: ಮುಂದಿನಿಂದ ನೋಡಿದರೆ ಎಲ್ಲರೂ ಬಲಗೈಯವರು. ಆ ನೀರಿನವಳೂ. ಅತ್ತೆಯ ಮಗಳು ಅಲ್ಲೇ ಮತ್ತೊಮ್ಮೆ ಸಾಯುತ್ತಾಳೆ. ಈ ಸಲ ಅತ್ತೆಯ ಕಣ್ಣೆದುರಿಗೇ. “ಬೇಡಿ, ಗಂಡಸರ ನಡುವೆ ಹೆಂಗೆ ಕೂರೋದು?” ಎಂದೆ. “ನಿನಗೆ ಎಲ್ಲಕ್ಕೂ ನಾಚಿಕೆ” ಎಂದು ನಕ್ಕುಬಿಟ್ಟರು. ಜನ್ಮವೆಲ್ಲ ನಾಚಿದವಳು ಒಂದು ದಿನ ನಾಚಿಕೆಯ ನೆಪ ಹೇಳಿದರೆ ಯಾರು ಕೇಳುತ್ತಾರೆ?

ಕುರ್ಚಿಯಲ್ಲಿ ಕೂತೆವು. ನಾನು ತಲೆ ತಗ್ಗಿಸಿ ಓರೆಗಣ್ಣಿನಲ್ಲಿ ನೋಡಿದೆ. ರಾಜ ಬಲಗೈಲಿ ಉಂಡ. ಪೂಜಾರಿ ಬಲಗೈಲಿ ಮಂಗಳಾರತಿ ಎತ್ತಿದ. ಅತ್ತೆ ಬಾಗಿ, “ಇದೇನೇ, ಎಲ್ರೂ ಸರಿಹೋಗ್ಬುಟ್ಟವ್ರೆ! ಯಾರು ಕಟ್ಟಿದ್ರೇ ಇವರ ಕೈಗಳ್ನ?” ಎಂದರು. ಪಲ್ಲಕ್ಕಿ ಬಂತು. ಇನ್ನು ಬಾವಿ. ಕೆಮ್ಮಲೇ, ಮೂರ್ಛೆ ಬಂದ ಹಾಗೆ ಬೀಳಲೇ, ಸೆರಗನ್ನು ಅವರ ಮುಖಕ್ಕೆ ಅಡ್ಡ ಹಿಡಿಯಲೇ ಎಂದು ಯೋಚಿಸಿದೆ. ಕೊನೆಗೆ ಮಾಡಿದ್ದು ಇಷ್ಟೆ: ನನ್ನ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡೆ. ನಾನು ನೋಡದಿದ್ದರೆ ಅವರಿಗೂ ಕಾಣದು ಎಂಬಂತೆ.

ಯಂತ್ರದ ಗರಗರ ಒಂದೇ ಕೇಳುತ್ತಿತ್ತು. ಆಮೇಲೆ ಅತ್ತೆಯ ಕೈ ನನ್ನ ಕೈ ಮೇಲೆ ಬಂತು. ಬೆಚ್ಚಗಿತ್ತು.

“ನನ್ನ ಮಗಳು ನೋಡೇ. ಎಲ್ರೂ ಕೈ ಬದಲಾಯಿಸಿದ್ರೂ ಇವಳು ಬುಡ್ಲಿಲ್ಲ. ಎಡಗೈಲೇ ಎತ್ತುದ್ಲು.”

ಕಣ್ಣು ಬಿಡುವಷ್ಟರಲ್ಲಿ ಬಾವಿ ಹೋಗಿತ್ತು. ಮುದುಕಿಯ ಆಸೆ, ಅವರಿಗೆ ಹಾಗೆ ಕಂಡಿತು ಎಂದುಕೊಂಡೆ. ಹೊರಗೆ ಬರುವಾಗ ಪರದೆಯ ಹಿಂದೆ ಕೂತಿದ್ದ ಸಾಕಮ್ಮ ಸಿಕ್ಕಳು. ನಾನು ಕೇಳದೆ ಇರಲಾರದೆ, “ನೀರಿನವಳು ಇವತ್ತು ಯಾವ ಕೈಲಿ ಎತ್ತಿದಳು?” ಎಂದೆ. “ಇದೇನಮ್ಮ ಹಿಂಗೆ ಕೇಳ್ತೀಯ? ದಿನದಂಗೆ ಎಡಗೈಲಿ” ಎಂದಳು. ಹಿಂದಿನಿಂದಲೂ ಎಡಗೈ, ಮುಂದಿನಿಂದಲೂ ಎಡಗೈ. ಪಕ್ಕದಲ್ಲಿದ್ದ ನಿಮ್ಮ ತಾತನನ್ನು ಕೇಳಿದೆ. “ನಾನು ಅಮ್ಮನ ಮುಖ ನೋಡ್ತಿದ್ದೆ” ಎಂದರು. ಮಾರನೆಯ ದಿನ ಟೆಂಟು ಹೋಯಿತು. ಅತ್ತೆ ಬದುಕಿದ್ದಷ್ಟು ಕಾಲ ಹೊಟ್ಟೆ ತುಂಬ ಉಂಡರು.

ಆದ್ದರಿಂದ ನನ್ನ ತೀರ್ಪು ಕೇಳಿ. ಯಾವ ಕಡೆಯಿಂದ ನೋಡಿದರೂ ಬದಲಾಗದ್ದು ಒಂದಾದರೂ ಇದ್ದರೆ ಅದೇ ಕುಂದಿಲ್ಲದ ಸಿನಿಮಾ. ನಾನು ಕಂಡದ್ದು ಒಂದೇ. ಕಂಡದ್ದು ಎನ್ನುವುದೂ ತಪ್ಪು. ಅದರ ಮುಖ್ಯ ಜಾಗದಲ್ಲಿ ನಿಮ್ಮ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಇಂಥವಳನ್ನು ತೀರ್ಪಿಗೆ ಕರೆದ ನಿಮಗೆ ಬುದ್ಧಿ ಇಲ್ಲ.

ಗಿರಿಜೆ, ನೀನು ಉಣ್ಣುವಾಗ ನಿನ್ನ ಕೈ ನೋಡಿ ಯಾರಾದರೂ ಏನಾದರೂ ಅಂದರೆ ಈ ಹಾಳೆಗಳನ್ನು ಓದಿ ಹೇಳು. ಶಿವಣ್ಣಿ ಇವನ್ನು ಗಾಳಿಪಟ ಮಾಡಿಬಿಟ್ಟಾನು, ಅವನಿಗೆ ಕೊಡಬೇಡ. ನನ್ನ ಸೀರೆಯ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಡು, ನಿನಗೆ ಯಾವ ಕೈ ಒಗ್ಗುತ್ತದೋ ಆ ಕೈಯಿಂದಲೇ.