ಬಿಚ್ಚೋಕೆ ಬರುವ ದೀಪ

ಪಿಕಪ್ಪಣ್ಣನ ತಲೆ ಕೆಡಿಸಿದ್ದು ಮನೆಯ ಮೆಟ್ಟಿಲು. ಪಿಕಪ್ ಗಾಡಿ ನಿಲ್ಲಿಸಲು ಅವನಿಗಿದ್ದದ್ದು ಮಹಡಿ ಮೆಟ್ಟಿಲ ಕೆಳಗಿನ ಜಾಗವೊಂದೇ. ಗಾಡಿಯ ನೆತ್ತಿಗೂ ಮೆಟ್ಟಿಲಿಗೂ ನಡುವೆ ನಾಲ್ಕು ಬೆರಳಿನಷ್ಟು ಸಂದು. ಈಗ ಆ ನೆತ್ತಿಯ ಮೇಲೆ ಹಳದಿ ದೀಪಗಳ ಪಟ್ಟಿ ಬೇಕೆಂದು ರಸ್ತೆ ಕೆಲಸದ ಸೂಪರ್‌ವೈಸರ್ ಬೆಳ್ಳಂಬೆಳಗ್ಗೆ ಫೋನ್ ಮಾಡಿದ್ದ. ಸಂಜೆ ನಾಲ್ಕು ಗಂಟೆಯೊಳಗೆ ದೀಪ ಹಾಕಿಕೊಂಡು ಬಂದರೆ ಆರು ತಿಂಗಳ ಬಾಡಿಗೆ ಖಾಯಂ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದ. ಅವನು ಸಾಮಾನು ಸಾಗಿಸುತ್ತಿದ್ದ ಫರ್ನಿಚರ್ ಅಂಗಡಿ ಮುಚ್ಚಿದ ಮೇಲೆ ಎರಡು ತಿಂಗಳಿಂದ ಗಾಡಿಗೂ ಕೆಲಸವಿರಲಿಲ್ಲ, ಅವನಿಗೂ ಇರಲಿಲ್ಲ.

ಗಾಡಿ ಸಾಮಾನಿನ ಅಂಗಡಿಯಲ್ಲಿ ದೀಪದ ಪಟ್ಟಿಯ ಬೆಲೆ ಕೇಳಿ ಬೆಚ್ಚಿಬಿದ್ದು ಬಂದವನು ಸೀದಾ ಮಲಗುವ ಕೋಣೆಗೆ ನುಗ್ಗಿ ಕಿಟಕಿ ಪರದೆಯ ಸರಳನ್ನೇ ಕಿತ್ತ. ಇನ್ನು ಬೀದಿಯವರೆಲ್ಲ ನಮ್ಮ ಸಂಸಾರ ನೋಡುತ್ತ ಕೂರಲಿ ಎಂದು ಹೆಂಡತಿ ಗೊಣಗಿದಳು. "ಇವತ್ತು ಈ ಕೆಲಸ ಬಿಡೋ ಮಾತೇ ಇಲ್ಲ ಕಣೇ," ಎಂದು ಅವನು ಹೊರಬಿದ್ದ.

ಗುಜರಿಯಿಂದ ಆಟೋಗಳ ನಾಲ್ಕು ಹಳದಿ ದೀಪ ತಂದು ಸರಳಿಗೆ ಕಟ್ಟಿದ. ಕೆಟ್ಟ ಸ್ಪೀಕರ್‌ಗಳ ಅಯಸ್ಕಾಂತ ಕಿತ್ತು, ಬಣ್ಣ ತರಚದಂತೆ ಹಳೇ ಕಾಲುಚೀಲ ತೊಡಿಸಿ, ಕಾಲುಗಳಂತೆ ಸಿಕ್ಕಿಸಿದ. ಪಟ್ಟಿಯನ್ನು ಗಾಡಿಯ ನೆತ್ತಿಗೆ ಅಂಟಿಸಿ, ವೈರನ್ನು ಒಳಗೆ ಫೋನ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಚುಚ್ಚಿದ. ದೀಪಗಳು ಮಿಣುಕಿದವು. ಮಹಡಿಯ ಮೇಷ್ಟ್ರು ಇಳಿದು ಬಂದು, ಬರೀ ಅಯಸ್ಕಾಂತ ನಿಲ್ಲುವುದಿಲ್ಲ ಎಂದರು. ನಿಲ್ಲುತ್ತದೆ ಎಂದು ಹೊರಟ ಪಿಕಪ್ಪಣ್ಣ ಮೊದಲ ಹಂಪು ದಾಟುವಷ್ಟರಲ್ಲಿ ಪಟ್ಟಿ ಗಾಜಿನ ಮೇಲೆ ಜಾರಿ ಬಾನೆಟ್ಟಿಗೆ ಬಂದು ಕೂತಿತು. ಅಲ್ಲೂ ಅದು ಮಿಣುಕುತ್ತಲೇ ಇತ್ತು.

ಇಷ್ಟಾದರೆ ಬೀದಿ ಸುಮ್ಮನಿರುತ್ತದೆಯೇ? ಮೂಲೆಯ ವೆಲ್ಡಿಂಗಿನವನು ಮುಖವಾಡ ಸಮೇತ ಹಾಜರಾದ. ನಾಲ್ಕು ಕಡೆ ಬೆಸುಗೆ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ ಎಂದ. ಮೆಟ್ಟಿಲಿಗೆ ತಾಗುತ್ತದಲ್ಲ ಎಂದರೆ, ಎರಡು ಮೆಟ್ಟಿಲು ಕತ್ತರಿಸಿದರಾಯಿತು ಎಂದ. ಹಾಗಾದರೆ ನಾನು ಹಾರಿಕೊಂಡು ಬರಲೇ ಎಂದು ಮೇಷ್ಟ್ರು ಕೆರಳಿದರು. ಇಬ್ಬರೂ ಜಗಳಕ್ಕೆ ನಿಂತಾಗ ಪಿಕಪ್ಪಣ್ಣ ಗಾಡಿಯ ನೆತ್ತಿಯನ್ನೇ ಹತ್ತಿ ಕೂತ.

"ಬೆಸುಗೆ ಬೇಡ, ಮೆಟ್ಟಿಲ ತಂಟೆಗೂ ಹೋಗ್ಬೇಡಿ. ಇದು ಬಿಚ್ಚೋಕೆ ಬರ್ಬೇಕು, ಅಷ್ಟೇ."

ಗಾಡಿಯ ಬಾಗಿಲ ಮೇಲಂಚಿಗೆ ಸಿಕ್ಕುವಂತೆ ಎರಡು ಕಬ್ಬಿಣದ ಕೊಕ್ಕೆ ಬಗ್ಗಿಸಿ, ಕೈಯಲ್ಲೇ ತಿರುಗಿಸುವ ನಟ್ಟು ಹಾಕಿ ಬಿಗಿದ. ಬೆರಳು ಜಜ್ಜಿಕೊಂಡ, ಊಟ ಬಿಟ್ಟ, ಅದೇ ಹಂಪನ್ನು ಮೂರು ಸಲ ದಾಟಿದ. ಪಟ್ಟಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಿಚ್ಚಲು ಹಿಡಿದದ್ದು ಅರ್ಧ ನಿಮಿಷ. ಗಡಿಯಾರ ನೋಡುತ್ತಿದ್ದ ಹೆಂಡತಿ ಪರದೆಯ ಸಿಟ್ಟು ಮರೆತು ನಕ್ಕಳು, ಅವನಿಗೆ ಎದೆ ತುಂಬಿ ಬಂತು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೆಲಸದ ಜಾಗ ಮುಟ್ಟಿದ. ಸೂಪರ್‌ವೈಸರ್ ಪಟ್ಟಿಯನ್ನು ಎಳೆದು ನೋಡಿದ, ಜೋತುಬಿದ್ದೂ ನೋಡಿದ. ಭೇಷ್ ಎಂದ. ಆಮೇಲೆ ಬಿಚ್ಚೋಕೂ ಬರುತ್ತದೆಯೇ ಎಂದು ಕೇಳಿದ. ಬೆಳಗ್ಗಿನಿಂದ ಅದನ್ನು ಮೆಚ್ಚಿ ಕೇಳಿದವನು ಇವನೊಬ್ಬನೇ. ಪಿಕಪ್ಪಣ್ಣ ಉಬ್ಬಿಹೋಗಿ ಚಕಚಕನೆ ಬಿಚ್ಚಿ ಅವನ ಕೈಗಿಟ್ಟ.

ಸೂಪರ್‌ವೈಸರ್ ಅದನ್ನು ಹೊತ್ತು ಶೆಡ್ಡಿನ ಹಿಂದೆ ಹೋದ. ಅಲ್ಲಿ ಕಂಪನಿಯದೇ ಪಿಕಪ್ ನಿಂತಿತ್ತು, ಇವನದರ ಅವಳಿ ಇದ್ದ ಹಾಗೆ. ಪಟ್ಟಿ ಅದರ ನೆತ್ತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ನಮ್ಮ ಗಾಡಿಗೆ ದೀಪ ಇಲ್ಲ ಅಂತ್ಲೇ ನಿಮ್ಗೆ ಫೋನ್ ಮಾಡಿದ್ದು. ಪಟ್ಟಿ ಮಾತ್ರ ಆರು ತಿಂಗಳ ಬಾಡಿಗೆಗೆ ಇಲ್ಲೇ ಇರ್ಲಿ, ಪಾಪ, ನಿಮ್ಮ ಗಾಡಿ ಯಾಕೆ ಸುಮ್ನೆ ಸವೆಸ್ತೀರಿ?"

ಪಿಕಪ್ಪಣ್ಣನಿಗೆ ಅಳು ನುಗ್ಗಿ ಬಂತು. ಅಷ್ಟರಲ್ಲಿ ಹೆಂಡತಿಯ ಫೋನ್. ಖಾಯಂ ಆಯ್ತಾ ಎಂದು ಕೇಳಿದಳು.

"ಆಯ್ತು ಕಣೇ," ಎಂದ ಅವನು. "ದೀಪದ್ದು ಆಯ್ತು. ನಾನು ಮನೆಗೆ ಬರ್ತಾ ಇದೀನಿ."