ಕಾಕಾರ ತೋಪು

ನಮ್ಮ ಕಾಕಾರ ಕೈಯಿಂದ ಒಂದು ಫೋಟೋ ತೆಗೆಸಿಕೊಳ್ಳುವ ಆಸೆ ನಿಮಗಿದ್ದರೆ ಮೊದಲು ನಮ್ಮ ಮನೆಯಿಂದ ಹೊರಬೀಳಬೇಕು. ಗೇಟು ದಾಟಬೇಕು, ರಸ್ತೆ ದಾಟಬೇಕು, ಎದುರಿನ ಹಿಟ್ಟಿನ ಗಿರಣಿಯ ಪಕ್ಕ ಹೋಗಿ ನಿಲ್ಲಬೇಕು. ಅಲ್ಲಿಂದ ನಗಬೇಕು. ಅದಕ್ಕಿಂತ ಹತ್ತಿರ ನಿಂತಿರೋ, ನಿಮ್ಮ ಮೂಗಿನ ಒಂದು ಹೊಳ್ಳೆ ಮಾತ್ರ ಬರುತ್ತದೆ. ಅದೂ ಒಳಗಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಧಾರವಾಡದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಜೀವಮಾನವಿಡೀ ಹುಡುಗರ ಕೈಯಿಂದ ಮಸೂರಗಳನ್ನು ಕಾಪಾಡಿ ನಿವೃತ್ತರಾದವರು. ಮಿಕ್ಕವರು ನಿವೃತ್ತಿಯ ನಂತರ ತೀರ್ಥಯಾತ್ರೆಗೆ ಹೊರಟರೆ ಇವರು ಹಕ್ಕಿಗಳ ಫೋಟೋ ತೆಗೆಯಲೆಂದು ಜೂಮ್ ಲೆನ್ಸ್ ಕೊಂಡರು. ಎಂಥ ಲೆನ್ಸು ಅಂತೀರಿ! ಪೂರ್ತಿ ಚಾಚಿದರೆ ಒಂದು ಮೊಳಕ್ಕೆ ಸ್ವಲ್ಪವೇ ಕಡಿಮೆ. ತೂಕ, ಏಳು ತಿಂಗಳಿಗೇ ಹುಟ್ಟಿದ ಕೂಸಿನಷ್ಟು. ಧೂಳು ಕೂಡಬಾರದೆಂದು ಕಾಕಾರ ಹೆಂಡತಿ, ನಮ್ಮ ಕಾಕು, ಅದಕ್ಕೊಂದು ಕುಲಾವಿ ಹೊಲಿದಿದ್ದಾರೆ. ಫಿರಂಗಿಯಂತೆ ಕಾಣುವ ಅದಕ್ಕೆ ಓಣಿಯವರು ‘ತೋಪು’ ಎಂದು ಹೆಸರಿಟ್ಟಿದ್ದಾರೆ.

ನನ್ನ ತಂಗಿಯ ಕುಬಸದ ದಿನ ಮನೆತುಂಬ ಮಂದಿ. ಹಸಿರು ಸೀರೆ, ಮೊಣಕೈವರೆಗೆ ಬಳೆ, ಏಳು ತಿಂಗಳ ಬಸುರಿ ತಂಗಿಯನ್ನು ಕಾಕಾ ರಸ್ತೆ ದಾಟಿಸಿ ಗಿರಣಿಯ ಮುಂದೆ ನಿಲ್ಲಿಸಿದರು. ತಾವು ಮಾಳಿಗೆ ಹತ್ತಿದರು. ಅಲ್ಲಿಂದ ನನಗೆ ಫೋನು.

“ಮಗಳ, ಆಕಿಗೆ ನಗಂತ ಹೇಳು!”

“ನಗಾಕತ್ತಾಳ್ರಿ ಕಾಕಾ!”

“ಹಲ್ಲು ಕಾಣವಲ್ವು!”

ಹಲ್ಲು ಕಂಡ ಗಳಿಗೆಯಲ್ಲೇ ನಡುವೆ ಒಂದು ಬಸ್ಸು ಹಾದುಹೋಯಿತು. ಇಂದಿಗೂ ನಮ್ಮ ಕುಬಸದ ಆಲ್ಬಮ್ಮಿನ ಮೊದಲ ಪುಟದಲ್ಲಿ ಕಿವಿಗೆ ಪೆನ್ನು ಸಿಗಿಸಿಕೊಂಡ ಒಬ್ಬ ಕಂಡಕ್ಟರ್ ಇದ್ದಾರೆ. ನೋಡಿದವರೆಲ್ಲ ಕೇಳುತ್ತಾರೆ: “ಇವ್ರು ಗಂಡನ ಕಡಿಯಾವ್ರೇನ್ರಿ?”

ಕಾಕಾರಿಗೆ ಹಕ್ಕಿಗಿಂತ, ಫೋಟೋಗಿಂತ ಹೆಚ್ಚಿನ ಪ್ರೀತಿ ಆ ಲೆನ್ಸಿನ ಒಳಗಿನ ಸ್ಟೆಬಿಲೈಸೇಷನ್ ಮೇಲೆ. ಚಹಾಕ್ಕೆ ಬಂದವರಿಗೆ ಚಹಾಕ್ಕೂ ಮೊದಲು ಅದರ ಪಾಠ. ಗುಂಡಿ ಅರ್ಧ ಒತ್ತಿ ಲೆನ್ಸನ್ನು ಬಂದವರ ಕಿವಿಗೆ ಹಿಡಿಯುವುದು. “ಗುಂಯ್ ಅಂತೈತಲ್ರಿ? ಕೆಲಸಾ ಮಾಡಾಕತ್ತೈತಿ ಅದು!”

ಕಾಕು ಒಮ್ಮೆ ಕೇಳಿದರು. “ಫ್ರಿಜ್ಜಿಗೆ ಹಚ್ಚಿರ್ತಾರಲ್ರಿ ಸ್ಟೆಬಿಲೈಸರ್, ಅದನ ಏನು?”

“ಅದಲ್ಲ ಮಾರಾಯ್ತಿ! ಇಷ್ಟು ದೂರದ್ದನ್ನ ಹತ್ರ ತಂದ್ರ ಕೈ ನಡುಗಿದ್ದೂ ಅಷ್ಟ ದೊಡ್ಡದಾಗಿ ಕಾಣಸ್ತೈತಿ. ಅದಕ್ಕ ಒಳಗೊಂದು ಕಾಜು, ಸಣ್ಣ ಮಸೂರ, ಐತಿ. ನನ್ನ ಕೈ ಎಡಕ್ಕ ಹೋದ್ರ ಅದು ಬಲಕ್ಕ ಸರೀತೈತಿ, ಮ್ಯಾಲೆ ಹೋದ್ರ ಕೆಳಗ.”

“ಹಂಗಂದ್ರ ನಾ ಏನಂದ್ರೂ ನೀವು ಅದರ ಉಲ್ಟಾ ಮಾಡ್ತೀರಲ್ಲ, ಹಂಗ.”

ಕಾಕಾ ಸ್ವಲ್ಪ ಯೋಚಿಸಿ, “ತಿಳೀತು ಬಿಡು ನಿನಗ” ಎಂದರು.

ಎಲ್ಲರೂ ಹೀಗೆ ನಗುತ್ತಾ ತಿಳಿದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಳಿನ ವ್ಯಾಪಾರಿ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಧಡಧಡ ಮಾಳಿಗೆ ಹತ್ತಿ ಬಂದರು. ಮುಖ ಮೆಣಸಿನಕಾಯಿ.

“ಏನ್ರಿ, ವಯಸ್ಸಾದವ್ರು ನೀವು! ಹೆಣ್ಮಕ್ಕಳು ಅರಿವಿ ಒಣಾ ಹಾಕೂ ಹೊತ್ತಿನ್ಯಾಗ ದಿನಾ ಈ ತೋಪು ಹಿಡಕೊಂಡು ನಿಂದರ್ತೀರಿ. ಏನ್ ನೋಡ್ತೀರಿ? ತೋರಸ್ರಿ ಇವತ್ತು!”

ಇಂಥ ಮಾತು ಒಂದು ಸಲ ಓಣಿಗೆ ಇಳಿದರೆ ಅದನ್ನು ವಾಪಸು ಕರೆಯಲು ಯಾರಿಂದ ಆಗುತ್ತದೆ? ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಕಾಕಾ ಮಾತ್ರ ಕ್ಯಾಮೆರಾದ ಪರದೆ ಅವರ ಮುಂದೆ ಹಿಡಿದು ಒಂದೊಂದೇ ಫೋಟೋ ಸರಿಸತೊಡಗಿದರು. ಹದ್ದು. ಹದ್ದು. ಹದ್ದು. ಎರಡು ಓಣಿ ಆಚೆ ಎತ್ತರದ ನೀರಿನ ಟ್ಯಾಂಕು ಇದೆಯಲ್ಲ, ಅದರ ತಲೆಯ ಮೇಲಿನ ಕಬ್ಬಿಣದ ಚೌಕಟ್ಟಿನಲ್ಲಿ ಹದ್ದೊಂದು ಗೂಡು ಕಟ್ಟುತ್ತಿತ್ತು. ಕಡ್ಡಿ ತಂದ ಹದ್ದು, ತಂತಿ ತಂದ ಹದ್ದು, ಅರಿವೆ ತಂದ ಹದ್ದು. ವ್ಯಾಪಾರಿ ಒಂದು ಫೋಟೋದ ಹತ್ತಿರ ಗಕ್ಕನೆ ನಿಂತರು.

“ಇದನ್ನ ಸ್ವಲ್ಪ ದೊಡ್ಡದು ಮಾಡ್ರಿ.”

ಕಾಕಾ ದೊಡ್ಡದು ಮಾಡಿದರು.

“ಈ ಕೆಂಪು ಪಟ್ಟಾಪಟ್ಟಿ ಚಡ್ಡಿ ನಂದಲ್ಲೇನ್ರಿ!”

ಬಂದ ನಾಲ್ಕೂ ಮಂದಿ ಮೆಟ್ಟಿಲಲ್ಲಿ ಕೂತು ನಕ್ಕರು. ಕಾಕು ನಗಲಿಲ್ಲ. ಒಳಗೆ ಹೋಗಿ ಎರಡು ಲೋಟ ನೀರು ಕುಡಿದರು.

ಮೊಟ್ಟೆಯಾಗಿ ಮರಿಯಾಯಿತು. ಏಪ್ರಿಲ್ ಬಿಸಿಲು ಏರಿತು. ಆಗಲೇ ಟ್ಯಾಂಕಿಗೆ ಬಣ್ಣ ಬಳಿಯುವವರು ಬಂದರು. ಕಾಕಾರ ಊಟ ನಿಂತುಹೋಯಿತು. ಗೂಡು ಕಿತ್ತು ಎಸೆಯುತ್ತಾರೇನೋ ಎಂಬ ಭಯ! ತಡೆಯಲಾರದೆ ನನ್ನ ಸ್ಕೂಟರಿನ ಹಿಂದೆ ಕೂತು ಟ್ಯಾಂಕಿನ ಬುಡಕ್ಕೇ ಹೋದರು. ಬಣ್ಣದ ಕೆಲಸದ ಹಿರಿಯ ಹಳೇ ಹುಬ್ಬಳ್ಳಿಯ ಮಾಬುಸಾಬ. ಐವತ್ತು ದಾಟಿದ ಸಣಕಲು ಆಳು. ಕೆಳಗೆ ಬಣ್ಣ ಕಲಸುತ್ತಿದ್ದವಳು ಅವನ ಹೆಂಡತಿ. ಕಾಕಾ ಹೇಳಿದ್ದನ್ನೆಲ್ಲ ಅವನು ತಾಳ್ಮೆಯಿಂದ ಕೇಳಿದ.

“ಮರಿ ಹಾರಿ ಹೋಗೂಮಟಾ ಆ ಬಾಜೂಕ ನಾ ಬ್ರಶ್ ಹಚ್ಚಂಗಿಲ್ರಿ ಸರ. ಆದ್ರ ನೀವೂ ನಿಮ್ಮ ಹದ್ದಿಗೆ ಒಂದ್ಮಾತು ಹೇಳ್ರಿ. ಎರಡು ದಿನದಾಗ ನನ್ನ ಎರಡು ಟೊಪಿಗಿ ಒಯ್ದೈತಿ!”

ಅಂದಿನಿಂದ ಕಾಕಾ ಹದ್ದಿನ ಜೊತೆಗೆ ಮಾಬುಸಾಬನನ್ನೂ ಕಾಯತೊಡಗಿದರು. ಮೇಲಿನ ಕಟಕಟೆಗೆ ಹಗ್ಗ ಬಿಗಿದು, ಅದರ ತುದಿಗೆ ಹಲಗೆ ಕಟ್ಟಿ, ಹಲಗೆಯ ಮೇಲೆ ಕೂತು ಅವನು ಟ್ಯಾಂಕಿನ ಹೊಟ್ಟೆಗೆ ತಿಳಿನೀಲಿ ಬಳಿಯುವುದನ್ನು ನಮ್ಮ ಮಾಳಿಗೆಯಿಂದ ನೋಡಿ ಕಾಕುಗೆ ವರದಿ: “ಮಾಬುಸಾಬ ಬೀಡಿ ಹಚ್ಚಿದ. ಮಾಬುಸಾಬ ಸೀನಿದ.”

ಆ ದಿನ ಮಧ್ಯಾಹ್ನ ಒಂದು ಗಂಟೆ. ನಾನು ಕಾಕಾರನ್ನು ಊಟಕ್ಕೆ ಕರೆಯಲು ಮಾಳಿಗೆಗೆ ಹೋದೆ. ಅವರು ತೋಪಿಗೆ ಕಣ್ಣು ಹಚ್ಚಿ ನಿಂತಿದ್ದರು.

“ಮಗಳ, ಮಾಬುಸಾಬ ಹಲಗಿ ಮ್ಯಾಲೆ ಮಲಗ್ಯಾನ.”

“ದಣದಿರ್ಬೇಕ್ರಿ. ಬರ್ರಿ, ರೊಟ್ಟಿ ಆರಾಕತ್ತಾವು.”

“ಬಾಯಿ ಮ್ಯಾಲೆ ನೊಣ ಕುಂತೈತಿ. ಹೊಡಕೊಳ್ಳವಲ್ಲ.”

ನಾನು ನೋಡಿದೆ. ಹಗ್ಗಕ್ಕೆ ಒರಗಿದ ತಲೆ, ಅರೆತೆರೆದ ಬಾಯಿ, ತುಟಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಅದು ತುಟಿಯಿಂದ ಮೂಗಿಗೆ ನಡೆಯಿತು, ಮೂಗಿನಿಂದ ಕಣ್ಣಿನ ಹತ್ತಿರಕ್ಕೆ. ಮಾಬುಸಾಬ ಅಲುಗಲಿಲ್ಲ. ಸೊಂಟವನ್ನು ಹಲಗೆಯ ಹಗ್ಗಕ್ಕೆ ಬಿಗಿದಿದ್ದ ಒಂದು ಕಟ್ಟು ಮಾತ್ರ ಅವನನ್ನು ಹಿಡಿದಿತ್ತು.

ನಾವು ಓಡಿದೆವು. ಕ್ಯಾಮೆರಾ ಇಡುವ ಸ್ಟ್ಯಾಂಡು ಮಾಳಿಗೆಯಲ್ಲೇ ಉಳಿಯಿತು, ಕಾಕಾರ ಒಂದು ಚಪ್ಪಲಿ ಮೆಟ್ಟಿಲಲ್ಲಿ. ಟ್ಯಾಂಕಿನ ಬುಡದ ನೆರಳಲ್ಲಿ ಮಾಬುಸಾಬನ ಹೆಂಡತಿ ಬುತ್ತಿ ಬಿಚ್ಚಿಕೊಂಡು ಗಂಡನ ದಾರಿ ಕಾಯುತ್ತಿದ್ದಳು. ಜೊತೆಯ ಕೆಲಸಗಾರ ಆಗಲೇ ಇಳಿದು ಊಟಕ್ಕೆ ಕೂತಿದ್ದ. ಟ್ಯಾಂಕಿನ ಉಬ್ಬಿದ ಹೊಟ್ಟೆ ಅಡ್ಡವಾಗಿ ಅಲ್ಲಿಂದ ಮೇಲಿನದೇನೂ ಕಾಣುತ್ತಿರಲಿಲ್ಲ.

“ಇಷ್ಟು ಮುಗಿಸಿ ಬರ್ತೇನಿ ಅಂದಾರ್ರಿ” ಎಂದಳು ಆಕೆ. ನಮ್ಮ ಮುಖ ನೋಡಿದ್ದೇ ಅವಳ ಕೈಯಲ್ಲಿದ್ದ ರೊಟ್ಟಿ ಜಾರಿತು.

ಜೊತೆಯವನು ಏಣಿ ಹತ್ತಿದ. ಹಿಂದೆಯೇ ಓಡಿಬಂದ ಕಾಳಿನ ವ್ಯಾಪಾರಿ ಅಗ್ನಿಶಾಮಕದವರಿಗೆ, ಆಂಬ್ಯುಲೆನ್ಸಿಗೆ ಫೋನು ಹಚ್ಚಿದರು. ಕಾಕಾ ಎದುರಿನ ಬಯಲಿಗೆ ಹಿಂದೆ ಹಿಂದೆ ಸರಿದು, ಮಾಬುಸಾಬ ಸರಿಯಾಗಿ ಕಾಣುವಲ್ಲಿ ಕಾಲೂರಿ ತೋಪು ಎತ್ತಿದರು. ಮಾಬುಸಾಬನ ಹೆಂಡತಿಯಿಂದ ನಂಬರು ಕೇಳಿಕೊಂಡು, ಏಣಿ ಹತ್ತಿದವನಿಗೆ ಫೋನು ಹಚ್ಚಿ ನಾನು ಕಾಕಾರ ಬಾಯಿಗೆ ಹಿಡಿದೆ. ಅವರ ಎರಡೂ ಕೈ ಲೆನ್ಸಿನ ಮೇಲಿದ್ದವಲ್ಲ.

ಮೇಲೆ ಹೋದವನಿಗೂ ಅಂಚಿನ ಕೆಳಗಿದ್ದ ಮಾಬುಸಾಬ ಕಾಣುತ್ತಿರಲಿಲ್ಲ. “ಹಗ್ಗ ಎಳೀತೇನ್ರಿ ಸರ!” ಎಂದು ಅವನ ಏದುಸಿರು ಫೋನಿನಲ್ಲಿ ಕೇಳಿಸಿತು.

“ಎಳೀಬ್ಯಾಡ!” ಕಾಕಾ ಅಷ್ಟು ಜೋರಾಗಿ ಕೂಗಿದ್ದನ್ನು ನಾನೆಂದೂ ಕೇಳಿರಲಿಲ್ಲ. “ಸಿಮೆಂಟಿನ ಅಂಚಿಗೆ ತಿಕ್ಕಿ ಹಗ್ಗದ ಎರಡು ಎಳಿ ಹರದಾವು. ಒಂದ ಎಳಿ ಮ್ಯಾಲೆ ನಿಂತೈತಿ. ಮುಟ್ಟಬ್ಯಾಡ!”

ಬಯಲಿನಲ್ಲಿ ಸೇರಿದ ಮಂದಿ ಹುಬ್ಬಿಗೆ ಕೈ ಹಿಡಿದು ಮೇಲೆ ನೋಡಿದರು. ಬರಿಗಣ್ಣಿಗೆ ಅಲ್ಲಿ ಒಂದು ದಾರ, ದಾರದ ತುದಿಗೆ ಒಂದು ಗೊಂಬೆ ಅಷ್ಟೇ. ಎಳೆ ಹರಿದದ್ದು ತೋಪಿಗಲ್ಲದೆ ಇನ್ಯಾರಿಗೆ ಕಾಣಬೇಕು? ಮೇಲೆ ಹದ್ದು ಸುತ್ತು ಹಾಕುತ್ತಿತ್ತು. ಯಾರೋ “ಹದ್ದು ಕುಕ್ಕಿದ್ರ ಮುಗೀತು” ಎಂದರು. ಕಾಕಾ ತಿರುಗಿಯೂ ನೋಡದೆ, “ಸುಮ್ನಿರ್ರಿ” ಎಂದರು.

ಹತ್ತು ನಿಮಿಷ. ಹದಿನೈದು ನಿಮಿಷ. ಕಾಕಾರ ಮೊಣಕೈ ನಡುಗುವುದು ನನಗೆ ಕಾಣುತ್ತಿತ್ತು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಲೆನ್ಸಿನೊಳಗಿನ ಕಾಜು ಗುಂಯ್‌ಗುಟ್ಟುತ್ತಲೇ ಇತ್ತು.

ಅಗ್ನಿಶಾಮಕದವರು ಬಂದು ಏಣಿ ಹತ್ತತೊಡಗಿದರು. ಅಲ್ಲಿಯವರೆಗೆ ಬುಡದಲ್ಲೇ ಬಣ್ಣದ ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆ ಮುಖ ಮಾಡಿ ನಿಂತಿದ್ದ ಮಾಬುಸಾಬನ ಹೆಂಡತಿ ನಮ್ಮ ಕಡೆ ಓಡಿಬಂದಳು.

“ಜೀವ ಐತೇನ್ರಿ ಸರ?”

“ಐತಿ ಯವ್ವಾ. ಎದಿ ಏರಿಳ್ಯಾಕತ್ತೈತಿ.”

“ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಖರೇ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

ಕಾಕಾ ಏಣಿ ಹತ್ತಿದವರಿಗೆ ಫೋನಿನಲ್ಲಿ ಹರಿದ ಹಗ್ಗ ಎಲ್ಲಿದೆ, ಎರಡನೆಯ ಹಗ್ಗ ಎಲ್ಲಿ ಬಿಡಬೇಕು ಎಂದು ಹೇಳಿ ಮುಗಿಸಿದರು. ಆಮೇಲೆ ಆ ಕಾದ ನೆಲದ ಮೇಲೆ ಟ್ಯಾಂಕಿಗೆ ಎದುರಾಗಿ ಕೂತು, ಲೆನ್ಸನ್ನು ತಮ್ಮ ಬಲಭುಜದ ಮೇಲೆ ಇಟ್ಟುಕೊಂಡರು.

“ನನ್ನ ಹಿಂದ ಕುಂದರು ಯವ್ವಾ. ನೀನ ನೋಡು. ಈ ಗುಂಡಿ ಅರ್ಧ ಒತ್ತಿ ಹಿಡಿ.”

ಅವಳ ಕೈ ನಡುಗುತ್ತಿದ್ದ ರೀತಿಗೆ ಯಾವ ಯಂತ್ರ ತಾನೇ ತಡೆದೀತು? “ಏನೂ ಕಾಣವಲ್ದ್ರಿ” ಎಂದು ಅತ್ತಳು. ಕಾಕಾ ತಲೆ ತಗ್ಗಿಸಿ, ಎರಡೂ ಕೈಯಿಂದ ಭುಜದ ಮೇಲಿನ ಲೆನ್ಸನ್ನು ಗಟ್ಟಿಯಾಗಿ ಅದುಮಿ ಹಿಡಿದು, ಉಸಿರು ಕಟ್ಟಿದರು. ಅವಳು ಆಸರೆಗೆಂದು ಒಂದು ಅಂಗೈಯನ್ನು ಕಾಕಾರ ಬೋಳು ತಲೆಯ ಮೇಲೆ ಊರಿದಳು.

“ಕಾಣಸ್ತು” ಎಂದಳು. ಆಮೇಲೆ ತೀರ ಮೆಲ್ಲಗೆ, ಗಂಡ ಪಕ್ಕದಲ್ಲೇ ಮಲಗಿದ್ದಾನೆ ಎಂಬಂತೆ, “ನಾ ಇಲ್ಲೇ ಅದೀನ್ರಿ... ಹೆದರಬ್ಯಾಡ್ರಿ... ಬರಾಕತ್ತಾರ್ರಿ ಅವ್ರು...”

ಒಬ್ಬ ಎರಡನೆಯ ಹಗ್ಗದಲ್ಲಿ ಇಳಿದು ಮಾಬುಸಾಬನನ್ನು ತಬ್ಬಿಕೊಂಡದ್ದು, ಪಟ್ಟಿ ಬಿಗಿದದ್ದು, ಮುಖಕ್ಕೆ ನೀರು ಹನಿಸಿದ್ದು ಎಲ್ಲವನ್ನೂ ಅವಳೇ ಹೇಳಿದಳು. “ಕಣ್ಣು ಬಿಟ್ರು! ಕಣ್ಣು ಬಿಟ್ರು!” ಎಂದು ಕೂಗಿದಳು. ಕಾಕಾ ನೆಲವನ್ನೇ ನೋಡುತ್ತ ಕೂತಿದ್ದರು. ತಲೆ ಎತ್ತಿದರೆ ಭುಜ ಅಲುಗುತ್ತದೆಯಲ್ಲ! ಇಳಿಸುವಷ್ಟು ಹೊತ್ತೂ ನನ್ನನ್ನೇ ಕೇಳುತ್ತಿದ್ದರು. “ಎಲ್ಲೀತನಕಾ ಬಂದ? ಅರ್ಧ ಬಂದನಾ?”

“ಬಂದ್ರಿ ಕಾಕಾ. ನೆಲಕ್ಕ ಬಂದ.”

ಅವಳು ಎದ್ದು ಓಡಿದಳು. ಆಂಬ್ಯುಲೆನ್ಸ್ ಸತ್ತೂರಿನ ದೊಡ್ಡ ಆಸ್ಪತ್ರೆಯ ಕಡೆ ಹೋಯಿತು. ಬಿಸಿಲು ನೆತ್ತಿಗೆ ಹೊಡೆದಿದೆ, ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ವಾರದೊಳಗೆ ಮಾಬುಸಾಬ ಎದ್ದು ಕೂತ. ಹದ್ದಿನ ಮರಿ ಹೇಗಿದೆ ಎಂದು ಅವನೇ ಕೇಳಿದ ಎಂದು ಅವನ ಹೆಂಡತಿ ಫೋನಿನಲ್ಲಿ ಹೇಳಿದಳು.

ಮಾಬುಸಾಬನನ್ನು ಇಳಿಸಿದ ಆ ದಿನದ ಸಂಜೆ ಕಾಕಾ ಮನೆಯ ಪಡಸಾಲೆಯಲ್ಲಿ ಕುರ್ಚಿಗೆ ಒರಗಿ ಕೂತಿದ್ದರು. ನಡೆದದ್ದು ಪೂರ್ತಿ ತಿಳಿಯದ ಕಾಕು ಹೌಹಾರಿದರು.

“ಅಯ್ಯ, ಇದೇನ್ರಿ ತಲಿ ಮ್ಯಾಲೆ!”

ಬೋಳು ತಲೆಯ ನಟ್ಟನಡುವೆ ತಿಳಿನೀಲಿ ಬಣ್ಣದ ಒಂದು ಹೆಣ್ಣು ಕೈ. ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಕಾಕು ಒಳಗೋಡಿ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ತಂದರು. ಒರೆಸಲು ಬಗ್ಗಿದವರಿಗೆ ನಾನು ಆ ಕೈ ಯಾರದು, ಎಷ್ಟು ಹೊತ್ತು ಅಲ್ಲಿತ್ತು, ಯಾಕಿತ್ತು ಎಂದು ಹೇಳಿದೆ.

ಕಾಕು ಅರಿವೆ ಹಿಡಿದುಕೊಂಡೇ ನಿಂತರು. ಆಮೇಲೆ ಅದನ್ನು ಮಡಚಿ ಕಿಟಕಿಯ ಮೇಲಿಟ್ಟು, ಗಂಡನ ಪಕ್ಕದಲ್ಲಿ ಕೂತರು.

“ಇರ್ಲಿ ಬಿಡ್ರಿ, ಇವತ್ತೊಂದಿನ” ಎಂದರು.