ಮೂರು ಗಾಲಿಗೆ ಇನ್ನೇನು ಕೂಡಿಸಬೇಕು?

ಹೊಸ ವಸ್ತು ಮನೆಗೆ ಬಂದ ದಿನ ಅದರಲ್ಲಿ ಏನೇನಿದೆ ಎಂದು ನೋಡುವವರು ಸುಖವಾಗಿರುತ್ತಾರೆ. ನಾನು ಏನಿಲ್ಲ ಎಂದು ನೋಡುವವನು. ಮಿಕ್ಸರ್ ತಂದ ದಿನವೇ ಅದಕ್ಕೊಂದು ಹೊದಿಕೆ ಹೊಲಿಸಿದೆ. ಆ ಹೊದಿಕೆಯನ್ನು ಬಿಚ್ಚಿ ಕಟ್ಟುವ ಬೇಸರಕ್ಕೆ ನಮ್ಮ ಮನೆಯಲ್ಲಿ ಇವತ್ತಿಗೂ ಚಟ್ನಿಯನ್ನು ಕಲ್ಲಿನಲ್ಲೇ ಅರೆಯುತ್ತಾರೆ. ಈ ಗುಣ ನನಗೆ ಅಪ್ಪನಿಂದ ಬಂದದ್ದು. ಅವರು ಹೊಸ ಸೈಕಲ್ ತಂದು ಅದಕ್ಕೆ ಎರಡು ಗಂಟೆ, ಡೈನಮೋ, ಹಿಂದೊಂದು ಮುಂದೊಂದು ಕ್ಯಾರಿಯರ್, ಛತ್ರಿ ಸಿಗಿಸುವ ಕೊಳವೆ ಎಲ್ಲವನ್ನೂ ಹಾಕಿಸಿದರು. ಕಡೆಗೆ ಸೈಕಲ್ ಎಷ್ಟು ಭಾರವಾಯಿತೆಂದರೆ, ಏರು ಬಂದ ಕಡೆಯೆಲ್ಲ ಇಳಿದು ತಳ್ಳುತ್ತಿದ್ದರು. ನಾರಾಯಣಪೇಟೆಯಲ್ಲಿ ಏರಿಗೇನೂ ಕೊರತೆಯಿಲ್ಲ.

ಅದೇ ಊರಿನಲ್ಲಿ ನನ್ನದೊಂದು ಸೀರೆ ಅಂಗಡಿ. ಹೆಂಡತಿ ಪದ್ಮಾ ಗದ್ವಾಲದ ನೇಕಾರರ ಮನೆಯ ಮಗಳು. ಗದ್ವಾಲ ಸೀರೆಯ ಮೈ ಹತ್ತಿ, ಅಂಚು ರೇಷ್ಮೆ. ಎರಡೂ ಕೂಡುವ ಜಾಗದಲ್ಲೇ ನೇಕಾರನ ಕೈ ಎಂಥದೆಂದು ತಿಳಿಯುವುದು. ಪದ್ಮಾ ಕಣ್ಣು ಮುಚ್ಚಿ ಬೆರಳಾಡಿಸಿ ಅದನ್ನು ಹೇಳಬಲ್ಲಳು. ಹಾಗಾಗಿ ಮಾಲು ತರಲು ವಾರಕ್ಕೊಮ್ಮೆ ಇಬ್ಬರೂ ಮೋಟಾರ್‌ಸೈಕಲ್ ಮೇಲೆ ಮಕ್ತಲ್ ದಾಟಿ ಗದ್ವಾಲಕ್ಕೆ ಹೋಗುತ್ತಿದ್ದೆವು. ಮನೆಯಲ್ಲಿ ಆಡಲು ಸಮಯ ಸಿಗದ ಮಾತುಗಳನ್ನೆಲ್ಲ ಅವಳು ಆ ದಾರಿಯಲ್ಲಿ ನನ್ನ ಬೆನ್ನಿಗೆ ಹೇಳುತ್ತಿದ್ದಳು. ಅರ್ಧ ಗಾಳಿಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ನಾನು ಹೂಂ ಎನ್ನುತ್ತಿದ್ದೆ. ನಮ್ಮ ಸಂಸಾರ ನಡೆದದ್ದೇ ಹಾಗೆ.

ಎರಡು ವರ್ಷದ ಹಿಂದೆ ಮಕ್ತಲ್ ಹತ್ತಿರ ಯಾರೋ ರಸ್ತೆಯ ಮೇಲೆ ಒಣಹಾಕಿದ್ದ ಜೋಳದ ಮೇಲೆ ಗಾಡಿ ಜಾರಿತು. ಆಗ ನಾವು ಹೋಗುತ್ತಿದ್ದ ವೇಗಕ್ಕೆ ಅದನ್ನು ಬಿದ್ದೆವು ಎನ್ನುವುದಕ್ಕಿಂತ ಮಲಗಿದೆವು ಎನ್ನಬಹುದು. ಪೆಟ್ಟಾದದ್ದು ನನ್ನ ಮೊಣಕಾಲಿಗೆ, ಆದರೆ ಗಾಡಿ ಹತ್ತುವುದನ್ನು ಬಿಟ್ಟವಳು ಅವಳು. ಅಂದಿನಿಂದ ಅವಳು ಬಸ್ಸಿನಲ್ಲಿ, ನಾನು ಗಾಡಿಯಲ್ಲಿ. ನಡುದಾರಿಯಲ್ಲಿ ಬಸ್ಸು ನನ್ನನ್ನು ಹಿಂದೆ ಹಾಕುವಾಗ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಭೇಟಿಯಾಗಿ ಚಹಾ ಕುಡಿದು ಮತ್ತೆ ಅಗಲುತ್ತಿದ್ದೆವು. ಚಹಾದಂಗಡಿಯಾಕೆ ನಮ್ಮನ್ನು ಗಂಡಹೆಂಡತಿ ಎಂದು ಬಹಳ ದಿನ ನಂಬಲೇ ಇಲ್ಲ.

ಬೀಳದ ಗಾಡಿ ತಂದರೆ ಪದ್ಮಾ ಮತ್ತೆ ಹಿಂದೆ ಕೂರುತ್ತಾಳೆ ಎಂಬ ಒಂದೇ ಆಸೆಯಿಂದ ನಾನು ಹೈದರಾಬಾದಿನಿಂದ ಮೂರು ಗಾಲಿಯ ಮೋಟಾರ್‌ಸೈಕಲ್ ತಂದೆ. ಮುಂದೆ ಒಂದು ಗಾಲಿ, ಹಿಂದೆ ಅಗಲವಾಗಿ ಎರಡು. ದೂರದೂರಿನ ಪ್ರವಾಸಕ್ಕೆಂದೇ ಮಾಡಿದ ಗಾಡಿ. ನಿಂತಾಗ ಕಾಲೂರಬೇಕಿಲ್ಲ, ಹಿಂದಕ್ಕೂ ಹೋಗುತ್ತದೆ. ಓಣಿಯವರೆಲ್ಲ ಬಂದು ನೋಡಿದರು. ಪದ್ಮಾ ಆರತಿ ಎತ್ತಿ, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಸೀಟನ್ನೇ ಒಂದು ಗಳಿಗೆ ದಿಟ್ಟಿಸಿ, “ನೋಡೂಣು” ಎಂದು ಒಳಗೆ ಹೋದಳು.

ಆ “ನೋಡೂಣು” ನನ್ನ ನಿದ್ದೆ ಕೆಡಿಸಿತು. ಗಾಡಿಯಲ್ಲಿ ಏನೋ ಕಡಿಮೆಯಿದೆ, ಅದಕ್ಕೇ ಅವಳಿಗೆ ಧೈರ್ಯ ಬಂದಿಲ್ಲ ಎಂದುಕೊಂಡೆ. ಮೆಕಾನಿಕ್ ಖಾಜಾ ಮಿಯಾನನ್ನು ಕೇಳಿದೆ. ಅವನು ಗಾಡಿಯನ್ನು ಮುಟ್ಟುವ ಮೊದಲೇ ಶುರು ಮಾಡಿದ: “ಸೇಟ್, ಗಾಡಿ ಏಕ್ ನಂಬರ್ ಐತಿ. ಖರೆ ಬೋಳು ಐತಿ. ಮುಂದ ದೊಡ್ಡ ಗಾಜು ಬೇಕು, ಮಂಜಿನ ಲೈಟ್ ಬೇಕು, ಸುತ್ತ ಗಾರ್ಡ್ ಬೇಕು, ಬಾಜೂಕ ಡಬ್ಬಿ ಬೇಕು, ಶಾಕಪ್ಸರ್ ಬ್ಯಾರೆ ಹಾಕ್ಸಬೇಕು. ಹಾರ್ನಂತೂ ಕೇಳಬ್ಯಾಡ್ರಿ, ಮೇಕಿ ಒದರಿದಂಗ ಐತಿ.”

“ನಮ್ಮ ಕಡೆ ಮಂಜೆಲ್ಲೈತಿ ಖಾಜಾ ಭಾಯ್?”

“ಇಲ್ಲ. ಬಂದ್ರ?”

ಮಂಜಿನ ಲೈಟನ್ನೂ ಸೇರಿಸಿ ಪಟ್ಟಿ ಬರೆದುಕೊಂಡೆ. ಅಂಗಡಿಗೆ ಬಂದವರೂ ಒಂದೊಂದು ಸೇರಿಸಿದರು. ಅಂಚಿನ ಬಣ್ಣ ಆರಿಸುವುದನ್ನು ಬಿಟ್ಟು ದಾಮರಗಿದ್ದ ಊರಿನ ಗಿರಾಕಿಯೊಬ್ಬರು ಹಾಡು ಕೇಳುವ ಪೆಟ್ಟಿಗೆಯ ಬಗ್ಗೆ ಅರ್ಧ ಗಂಟೆ ಮಾತಾಡಿ, ಸೀರೆ ಕೊಳ್ಳದೆ ಎದ್ದು ಹೋದರು.

ನನ್ನನ್ನು ತಡೆದವರು ನಮಗೆ ಸೀರೆ ನೇಯುವ ನರಸಪ್ಪಜ್ಜ. ಪಟ್ಟಿಯನ್ನು ಓದಿಸಿ ಕೇಳಿ, ಲಾಳಿಯನ್ನು ಪಕ್ಕಕ್ಕಿಟ್ಟು ಹೇಳಿದರು: “ನಮ್ಮಲ್ಲಿ ಮಗ್ಗಕ್ಕ ಒಂದ ಸಲ ಏರಿಸಿದ ಹಾಸುನೂಲಿನ್ಯಾಗ ಎಂಟು ಸೀರಿ ಇಳೀತಾವು. ಎರಡನೇ ಸೀರ್ಯಾಗ ಮಗ್ಗ ಬಿಚ್ಚಿ ರಿಪೇರಿ ಮಾಡಾಕ ಕುಂತ್ರ ಆಗೂದಿಲ್ಲ. ಎಂಟೂ ಇಳಿಸಬೇಕು, ಹಾಸಿ ನೋಡಬೇಕು. ತಪ್ಪಿದ್ರ ಎಂಟರಾಗೂ ಒಂದ ಕಡೆ ಕಾಣ್ತೈತಿ. ನೀವೂ ಎಂಟು ಸಲ ಗದ್ವಾಲಕ್ಕ ಹೋಗಿ ಬರ್ರಿ. ಆಮ್ಯಾಗ ಬೇಕಾದ್ದು ಹಚ್ಚಿಸ್ರಿ.”

ಹಿರಿಯರ ಮಾತು. ಎಂಟು ವಾರ ಎಂಟು ಸಲ ಹೋಗಿಬಂದೆ. ಪಟ್ಟಿ ತಾನಾಗಿ ಕರಗತೊಡಗಿತು. ಮುಂದಿನ ಗಾಜು ಬೇಡವೆನಿಸಿತು, ನಮ್ಮ ಬಿಸಿಲಿಗೆ ಗಾಳಿ ತಡೆಯುವುದು ಮೂರ್ಖತನ. ಜುರಾಲ ಅಣೆಕಟ್ಟಿನ ಮೇಲೆ ಕುರಿ ಹಿಂಡು ಅಡ್ಡಬಂದಾಗ ಹಾರ್ನ್ ಬಾರಿಸಿದೆ. ಖಾಜಾ ಹೇಳಿದ್ದು ನಿಜ, ಅದು ಮೇಕೆಯ ದನಿಯೇ. ಕುರಿಗಳು ತಮ್ಮವರೇ ಯಾರೋ ಬಂದರೆಂದು ದಾರಿ ಬಿಟ್ಟವು. ಹೊಸ ಹಾರ್ನೂ ಪಟ್ಟಿಯಿಂದ ಹೋಯಿತು. ಬಾಜೂ ಡಬ್ಬಿಯೂ ಬೇಕಾಗಲಿಲ್ಲ, ಸೀರೆ ಗಂಟು ಹಿಂದಿನ ಸೀಟಿನ ಮೇಲೆ ಸುಖವಾಗಿ ಕೂತಿತ್ತು. ಗಂಟು ಅಲ್ಲಿ ಕೂತದ್ದೇ ನನ್ನ ದುಃಖ. ಪ್ರತಿ ವಾರವೂ ಹೊರಡುವ ಹೊತ್ತಿಗೆ ಪದ್ಮಾ, “ಇವತ್ತ ಬಸ್ಸಿಗೆ ಬರ್ತೀನ್ರಿ” ಎಂದು ಚೀಲ ಹಿಡಿದು ನಡೆದುಬಿಡುತ್ತಿದ್ದಳು. ಅಜ್ಜನ ಲೆಕ್ಕದಲ್ಲಿ ಎಂಟು ಸೀರೆ ಇಳಿದವು, ಎಂಟರಲ್ಲೂ ಒಂದೇ ಕಡೆ ತಪ್ಪು.

ಹಿಂದಿನ ಸೀಟಿಗೆ ಆನಿಕೆ ಇಲ್ಲದ್ದೇ ಕಾರಣವೆಂದು ತೀರ್ಮಾನಿಸಿದೆ. ಬಿದ್ದವಳಿಗೆ ಬೆನ್ನಿಗೆ ಏನಾದರೂ ಬೇಡವೇ? ಖಾಜಾನಿಂದ ಮೆತ್ತನೆಯ ಎತ್ತರದ ಆನಿಕೆ ಕೂಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, “ಇನ್ನ ಕೂಡು ಪದ್ಮಾ, ಸಿಂಹಾಸನ ಆಗೇತಿ” ಎಂದೆ.

ಅವಳು ನಿಟ್ಟುಸಿರಿಟ್ಟು ಹತ್ತಿದಳು. ನಾರಾಯಣಪೇಟೆಯ ಚೌಕಡಿ ಸೀರೆ ಉಟ್ಟಿದ್ದಳು. ಮೂವತ್ತು ವರ್ಷ ಕೂತಂತೆಯೇ ಅಡ್ಡಡ್ಡ ಕೂತಳು. ಕಾಲು ಇಳಿಬಿಡೋಣವೆಂದರೆ ಕೆಳಗೆ ಜಾಗವೆಲ್ಲಿ? ಅಗಲವಾದ ಹಿಂದಿನ ಗಾಲಿ, ಅದರ ಮೇಲೆ ದೋಸೆ ಹಂಚಿನಷ್ಟು ನುಣುಪಾದ ಮಡ್‌ಗಾರ್ಡು. ಎರಡೂ ಕಾಲು ಅದರ ಮೇಲೆ ಮುಂದಕ್ಕೆ ಚಾಚಿಕೊಂಡವು, ಬಾಣಂತಿಯನ್ನು ಎಣ್ಣೆ ನೀರಿಗೆ ಕೂರಿಸಿದ ಹಾಗೆ. ನನ್ನ ಹೊಸ ಆನಿಕೆ ಅವಳ ಪಕ್ಕೆಲುಬಿಗೆ ಒತ್ತುತ್ತಿತ್ತು.

“ಹಿಂಗ ಕುಂತು ಮಕ್ತಲ್ ಬಜಾರದಾಗ ಮೆರವಣಿಗಿ ಹೋಗ್ಲೇನ್ರಿ?” ಎಂದಳು.

ನಾನು ಪೆಚ್ಚಾದೆ. ಆರು ಗಜ ಸೀರೆಯನ್ನು ದಿನಕ್ಕೆ ನೂರು ಸಲ ಬಿಡಿಸಿ ಮಡಿಸುವವನು, ಸೀರೆ ಉಟ್ಟವಳು ಎರಡೂ ಕಡೆ ಕಾಲು ಹಾಕಿ ಕೂರುವುದಿಲ್ಲ ಎಂಬುದನ್ನು ಮರೆತು ಹೈದರಾಬಾದಿನಿಂದ ಗಾಡಿ ತಂದಿದ್ದೆ.

“ನಿನಗ ಮೊದಲ ದಿನಾನ ಗೊತ್ತಿತ್ತಲ್ಲ, ಹೇಳಬಾರದಾ?”

“ಗಾಡಿಗೆ ಏನು ಬೇಕಂತ ಇಡೀ ಊರು ಕೇಳಿದ್ರಿ. ನನ್ನ ಕೇಳಿದ್ರೇನು? ಅಷ್ಟು ಹಿಗ್ಗಿಲೆ ತಂದೀರಿ, ಆರತಿ ತಾಟು ಹಿಡಕೊಂಡು ಹೆಂಗ ಹೇಳ್ಲಿ?”

“ಈಗ ಕೇಳಾಕತ್ತೀನಿ. ಏನು ಬೇಕು?”

“ಗಾಡಿಗೇನೂ ಬ್ಯಾಡ. ಮುಂದಿನ ವಾರ ಹೋಗೂಣು” ಎಂದು ಇಳಿದಳು.

ಮುಂದಿನ ವಾರ ಅವಳು ಬಾಗಿಲಿಗೆ ಬಂದಾಗ ನಾನು ಗುರುತಿಸಲಿಲ್ಲ. ಚೂಡಿದಾರ! ಅದೂ ನನ್ನ ಅಂಗಡಿಯ ಎದುರಿನ ರೆಡಿಮೇಡ್ ಅಂಗಡಿಯದು, ಚೀಲದ ಮೇಲೆ ಅವರ ಹೆಸರು. ಹೆಣ್ಣಿಗೆ ಸೀರೆಯಂಥದು ಮತ್ತೊಂದಿಲ್ಲ ಎಂದು ಎಷ್ಟು ವರ್ಷಗಳಿಂದ ನಾನು ಗಿರಾಕಿಗಳ ಮುಂದೆ ಭಾಷಣ ಮಾಡಿದ್ದೇನೋ, ಅಷ್ಟೂ ವರ್ಷಗಳ ಕಣ್ಣೆದುರಿಗೇ ಅವಳು ಠೀವಿಯಿಂದ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತಳು. ಆನಿಕೆ ಅವಳ ಬೆನ್ನಿಗೆ ಸರಿಯಾಗಿ ಹೊಂದಿತು. ಊರು ದಾಟುವಷ್ಟರಲ್ಲಿ ಎರಡು ವರ್ಷದ ಬಾಕಿ ಮಾತು ಶುರುವಾಯಿತು. ನಾನು ಹೂಂ ಎನ್ನುತ್ತ ಹೋದೆ. ಮಕ್ತಲ್‌ನಲ್ಲಿ ಚಹಾದಂಗಡಿಯಾಕೆ ಇಬ್ಬರನ್ನೂ ನೋಡಿ, “ಅಂತೂ ರಾಜಿ ಆದ್ರಿ?” ಎಂದಳು.

ಗದ್ವಾಲದಲ್ಲಿ ಪದ್ಮಾಳ ಅಕ್ಕ ಸರೋಜಮ್ಮ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ತಂಗಿಯ ಚೂಡಿದಾರದ ಅಂಚು ಹಿಡಿದು ಹೊಲಿಗೆಯ ಮೇಲೆ ಬೆರಳಾಡಿಸಿ, “ಛಲೋ ಐತಿ. ಮುಂದಿನ ವಾರ ನನಗೂ ಒಂದು ತರ್ರಿ” ಎಂದು ನನಗೇ ಅಪ್ಪಣೆ ಕೊಟ್ಟರು.

ಹೀಗಾಗಿ ನಾನು ಎದುರಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಚೂಡಿದಾರಗಳ ರಾಶಿ ಹಾಕಿದರು. ನನ್ನ ಗಿರಾಕಿಗಳಿಂದ ಕಲಿತದ್ದನ್ನೆಲ್ಲ ನಾನು ಅಲ್ಲಿ ಮಾಡಿದೆ: ಬೇರೆ ಬಣ್ಣ ಕೇಳಿದೆ, ಬೆಳಕಿಗೆ ಹಿಡಿದು ನೋಡಿದೆ, ಕಡೆಗೆ ಮೊದಲು ತೋರಿಸಿದ್ದನ್ನೇ ಆರಿಸಿದೆ. ಅವರು ಕಟ್ಟಿ ಕೈಗಿಟ್ಟರು. ಎರಡು ಮೆಟ್ಟಿಲು ಇಳಿದವನು ತಡೆಯಲಾರದೆ ಹಿಂದಿರುಗಿ ಹೇಳಿದೆ:

“ಎಲ್ಲಾ ಛಲೋ ಐತ್ರಿ. ಖರೆ ಇದಕ್ಕ ಜೇಬಿಲ್ಲಲ್ಲ, ಎರಡು ಕೂಡಿಸಬಹುದೇನು?”